ಲೈನಿನಲ್ಲಿ ಇರಿ

ಮೂರು ದಿನದಿಂದ, ಕೀಲಿ ತಿರುಗಿಸಿದಾಗಲೆಲ್ಲ
ಟಿಂಗ್ ಎಂದು ಒಂದೇ ದೂರು:
ತುರ್ತು ಕರೆ ವ್ಯವಸ್ಥೆಯಲ್ಲಿ ದೋಷ.
ಓಡುತ್ತದೆ, ನಿಲ್ಲುತ್ತದೆ,
ಹಾರ್ನ್ ಹೊಡೆದರೆ ಗದ್ದೆಯ ಕೊಕ್ಕರೆ ಏಳುತ್ತದೆ;
ಕೂಗಿ ಕರೆಯಲು ಮಾತ್ರ ಬಾಯಿಲ್ಲವಂತೆ.

ಮೈಸೂರಿನ ಷೋರೂಮಿನ ಹುಡುಗ
ಗಾಡಿ ನೋಡದೆಯೇ ತೀರ್ಪು ಕೊಟ್ಟ:
ಪೂರಾ ಯೂನಿಟ್ಟೇ ಬದಲಾಯಿಸಬೇಕು ಮೇಡಂ,
ಐವತ್ತೆಂಟು ಸಾವಿರ, ಟ್ಯಾಕ್ಸ್ ಬೇರೆ.
ಇಪ್ಪತ್ತೊಂಬತ್ತು ವರ್ಷ ವಿರಾಜಪೇಟೆಯ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನ್ ಕಚ್ಚಿಸಿ ಕೂತವಳು ನಾನು.
ಸತ್ತ ಲೈನಿಗೂ ಮುನಿದ ಲೈನಿಗೂ
ವ್ಯತ್ಯಾಸ ಗೊತ್ತು ಕಣಪ್ಪ, ಎಂದು ಫೋನಿಟ್ಟೆ.

ಕಾರು ನಿಂತದ್ದು ಕಣದ ಅಂಚಿನಲ್ಲಿ.
ಸುತ್ತ ಒಣಗಲು ಹರಡಿದ ರೋಬಸ್ಟಾ, ಅದರ ಹುಳಿ ವಾಸನೆ,
ನಡುವೆ ಹಲಗೆ ಎಳೆಯುತ್ತಿದ್ದ ಬೊಳಕ ಕೇಳಿದ:
‘ಅದು ಕರೆಯೋದು ಯಾರನ್ನ ಅಕ್ಕಾ?’
ಯಾರನ್ನೋ. ಯಾವ ಊರಲ್ಲೋ ಕೂತವರನ್ನ.
‘ಅವರು ಬರ್ತಾರಾ?’
ಬರೋದಿಲ್ಲ. ಬರುವವರಿಗೆ ಹೇಳ್ತಾರೆ.
‘ಹಾಗಾದ್ರೆ ನೀವು ಮಾಡ್ತಿದ್ದ ಕೆಲಸವೇ.’

ಮೊದಲು ಟವರ್. ಕರೆಂಟು ಹೋದರೆ ಅದೂ ಮಲಗುತ್ತದೆ;
ಇವತ್ತು ಎಚ್ಚರವಿದೆ, ಫೋನಿನಲ್ಲಿ ಎರಡು ಕಡ್ಡಿ.
ಆಮೇಲೆ ಫ್ಯೂಸು: ಸ್ಟೀರಿಂಗಿನ ಕೆಳಗೆ ಮೊಣಕಾಲೂರಿ,
ಹುಬ್ಬು ಕೀಳುವ ಚಿಮಟದಿಂದ ಎಳೆದು
ಬಿಸಿಲಿಗೆ ಹಿಡಿದೆ. ತಂತಿ ತುಂಡಾಗಿಲ್ಲ.
ಇಲಿ ಕಡಿದ ಗುರುತಿಲ್ಲ; ಸಿಕ್ಕಿದ್ದು ಒಣಗಿದ ಕಿತ್ತಳೆ ಸಿಪ್ಪೆ,
ಹಿಂದಿನ ಮಾಲೀಕನದೋ ಏನೋ.
ಕೊನೆಗೆ ಗ್ಲೌಬಾಕ್ಸ್ ಕಳಚಿದರೆ, ಅದರ ಬೆನ್ನಿಗೆ
ಬೆಂಕಿಪೊಟ್ಟಣದಷ್ಟು ಒಂದು ಬ್ಯಾಟರಿ:
ದೊಡ್ಡದು ನುಜ್ಜುಗುಜ್ಜಾದ ಹೊತ್ತಿಗೆಂದು
ಬಚ್ಚಿಟ್ಟ ಕೊನೆಯ ಉಸಿರು.
ಹೊಟ್ಟೆ ಉಬ್ಬಿತ್ತು. ಲೈನ್‌ಮನ್ ಪೆಮ್ಮಯ್ಯ
ನನ್ನ ನಿವೃತ್ತಿಯ ದಿನ ಕೊಟ್ಟ ಮೀಟರು
ಒಂದೂವರೆ ವೋಲ್ಟ್ ತೋರಿಸಿ ಸುಮ್ಮನಾಯಿತು.

ಗೋಣಿಕೊಪ್ಪದ ಸುಬೈರ್ ಹೊಸದು ತರಿಸಿದ,
ಬಸ್ಸಿನಲ್ಲಿ, ಸಾವಿರದ ಮುನ್ನೂರ ನಲವತ್ತು.
ಹಾಕಿದ ಮೇಲೆ ದೊಡ್ಡ ಬ್ಯಾಟರಿಯ ಮೈನಸ್ ಬಿಚ್ಚಿಟ್ಟು
ಒಂದು ಟೀ ಕುಡಿಯಿರಿ ಎಂದ.
ಕುಡಿದೆ. ಜೋಡಿಸಿದೆ. ಕುಂದದ ತಿರುವಿನವರೆಗೆ,
ಮರಗಳು ಸರಿದು ಬಯಲು ಬಿಚ್ಚಿಕೊಳ್ಳುವಲ್ಲಿಗೆ, ಓಡಿಸಿದೆ.
ದೂರು ಮಾಯ. ತಲೆಯ ಮೇಲಿನ ಗುಂಡಿಯ ಪಕ್ಕ
ಸಾಸಿವೆಯಷ್ಟು ಹಸಿರು.

ಒತ್ತಿ ನೋಡಬೇಕಲ್ಲ?
ಬೆಳಿಗ್ಗೆ ಆರಕ್ಕೆ ಒಂದೊಂದೇ ಲೈನು ಎಬ್ಬಿಸಿ
ಟೆಸ್ಟಿಂಗ್, ಟೆಸ್ಟಿಂಗ್ ಎನ್ನುತ್ತಿದ್ದವಳ ಬೆರಳು
ಗುಂಡಿಯವರೆಗೆ ಹೋಯಿತು.

ಎಂಬತ್ತಾರರ ಕಕ್ಕಡ. ಶ್ರೀಮಂಗಲದಿಂದ ಒಬ್ಬ ಹೆಂಗಸು,
ಮಡಿಕೇರಿಯ ಡಾಕ್ಟರು ಬೇಕು. ಖಾಲಿಯಾಗದ ಒಂದೇ ಟ್ರಂಕ್ ಲೈನಿನಲ್ಲಿ
ಯಾರೋ ದೊಡ್ಡವರು ಕರಿಮೆಣಸಿನ ದರ ಮಾತಾಡುತ್ತಿದ್ದರು.
ನಡುವೆ ಕಡಿಯುವ ಅಧಿಕಾರ ನನಗಿತ್ತು.
ಹೊಸಬಳು, ಹೆದರಿದೆ.
ಲೈನಿನಲ್ಲಿ ಇರಿ, ಅಂದೆ. ಇನ್ನೊಮ್ಮೆ ಅಂದೆ. ಹನ್ನೊಂದು ನಿಮಿಷ.
ಆಮೇಲೆ ಹೆಡ್‌ಫೋನಿನ ಒಳಗೇ ಕೇಳಿಸಿತು,
ಅವಳ ಅಂಗಳದಲ್ಲಿ, ಒಂದರ ಹಿಂದೊಂದು, ಎರಡು ಗುಂಡು.
ಸಾವಿಗೆ ನಮ್ಮವರು ಹಾರಿಸುವ ಎರಡು.
ಅದಕ್ಕೆ ಲೈನು ಬೇಕಿಲ್ಲ, ಸರದಿಯಿಲ್ಲ;
ಗದ್ದೆಯಾಚೆಯವರೂ ಎದ್ದು ಬರುತ್ತಾರೆ.
ಅವಳು ಫೋನು ಇಡಲೂ ಇಲ್ಲ.
ನಾನು ಹೇಳಿದ್ದೆನಲ್ಲ, ಇರಿ ಎಂದು.

ಬೆರಳು ಹಿಂದಕ್ಕೆ ತೆಗೆದೆ.
ಆ ಕಡೆ ಈಗ ಯಾರು ಕಾಯುತ್ತಿದ್ದಾರೋ.

ಮನೆಗೆ ಬಂದಾಗ ಬೊಳಕ ಕಾಫಿ ಗುಡ್ಡೆ ಮಾಡಿ
ಟಾರ್ಪಾಲು ಬಿಡಿಸುತ್ತಿದ್ದ. ‘ಕರೀತಾ?’
ಕರೆಯೋ ಹಾಗಾಗಿದೆ. ಕರೀಲಿಲ್ಲ.
‘ಒಳ್ಳೇದಾಯ್ತು’ ಎಂದು
ಟಾರ್ಪಾಲಿನ ಇನ್ನೊಂದು ತುದಿ ನನ್ನತ್ತ ಚಾಚಿದ.