ಚಿಲ್ಲರೆ ಬಾಕಿ

ಬಾಲದ ಮೂಳೆ ಬಿರುಕು ಬಿಟ್ಟಿದೆ ಅಂದರು ಡಾಕ್ಟರು,
ಮತ್ತೀಕೆರೆಯ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು.
ಪಂಕಜತ್ತೆಗೆ ಸಿಟ್ಟು ಬಂತು:
"ಬಾಲ ಯಾರಿಗ್ರೀ ಇರೋದು?"

ಇಪ್ಪತ್ಮೂರು ವರ್ಷ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವಳು,
ಮುಂದೆ ಹೋಗಿ, ಮುಂದೆ ಹೋಗಿ ಎಂದು
ಊರನ್ನೇ ಮುಂದಕ್ಕೆ ದೂಡಿದವಳು,
ನಿವೃತ್ತಿಯ ಮೂರನೇ ವಾರ
ಮನೆ ಮೆಟ್ಟಿಲಲ್ಲಿ ಜಾರಿ
ಈಗ ರಬ್ಬರ್ ಉಂಗುರದ ಮೇಲೆ
ಅರ್ಧ ಕೂತು, ಅರ್ಧ ನಿಂತು.

ನಾನು ಅವಳ ಅಣ್ಣನ ಮಗಳು.
ಹೆಬ್ಬಾಳದಾಚೆ ಒಂದು ಲ್ಯಾಬಿನಲ್ಲಿ
ಇದ್ದವರ, ಇಲ್ಲದವರ ಅಕ್ಷರ ಓದುವ ಕೆಲಸ.
ನಾಲ್ಕೇ ಅಕ್ಷರ. ಕಾಗುಣಿತವಿಲ್ಲ, ಒತ್ತಿಲ್ಲ,
ಪದಗಳ ನಡುವೆ ಉಸಿರಾಡಲು ಜಾಗವಿಲ್ಲ.

ಆ ವಾರವೇ ಪೊರಕೆಗೆ ಸಿಕ್ಕ ಹಲ್ಲಿಯೊಂದು
ಅಡುಗೆಮನೆಯಲ್ಲಿ ಬಾಲ ಬಿಟ್ಟು ಓಡಿತ್ತು.
ಮೊಸರಿನ ಪಾತ್ರೆಯ ಪಕ್ಕ ಅದೊಂದೇ ಕುಣಿಯುತ್ತಿತ್ತು,
ಒಡೆಯನಿಲ್ಲದ ಆಟ.
ಹಲ್ಲಿ ತಲೆಗೆ ಬಿದ್ದರೆ, ಭುಜಕ್ಕೆ ಬಿದ್ದರೆ
ಪಂಚಾಂಗದಲ್ಲಿ ಫಲವಿದೆ;
ಬರೀ ಬಾಲ ಬಿದ್ದರೆ ಏನೂ ಬರೆದಿಲ್ಲ.
ಸ್ಪಿರಿಟ್ಟಿನ ಸೀಸೆಗೆ ಹಾಕಿ ಬ್ಯಾಗಿಗಿಳಿಸಿದೆ.

ಆಮೇಲೆ ಒಂದರ ಕೆಳಗೊಂದು ಜೋಡಿಸಿದೆ:
ಹಲ್ಲಿಯದು, ಕೋಳಿಯದು, ಕೋತಿಯದು,
ಗಿಬ್ಬನ್ನಿನದು, ನಮ್ಮದು.
ಬಾಲ ಮೊಳೆಸುವ ಜೀನು.
ಮೂವತ್ತೆರಡು ಕೋಟಿ ವರ್ಷದ ಹಿಂದೆ ಕವಲೊಡೆದವರು
ಇನ್ನೂ ಅಲ್ಲಲ್ಲಿ ಅಕ್ಷರ ತಪ್ಪದೆ
ಅದೇ ಮಾತಾಡುತ್ತಿದ್ದಾರೆ.
ಕೋತಿಯವರೆಗೆ ಸರಿ.
ಅಲ್ಲಿಂದೀಚೆ, ಗಿಬ್ಬನ್ನಿನಲ್ಲಿ, ನನ್ನಲ್ಲಿ, ಪಂಕಜತ್ತೆಯಲ್ಲಿ,
ಮುನ್ನೂರಕ್ಷರದ ಒಂದು ತುಂಡು
ಎಲ್ಲಿಂದಲೋ ಹಾರಿ ಬಂದು ನಡುವೆ ಕೂತಿದೆ.

"ಟಿಕೆಟ್ ತಗೊಂಡಿದ್ನಾ?"
ಇಲ್ಲ ಅತ್ತೆ.
"ಯಾವ ಸ್ಟಾಪಲ್ಲಿ ಹತ್ತಿದ?"
ಎರಡೂವರೆ ಕೋಟಿ ವರ್ಷದ ಹಿಂದೆ, ಹೆಚ್ಚುಕಡಿಮೆ.
ಬೋರ್ಡು ಕಾಣಿಸಲ್ಲ.
"ಇನ್ನೂ ಇಳಿದಿಲ್ವಾ! ಚೆಕಿಂಗಿನೋರು ಎಲ್ಲಿ ಸತ್ತಿದ್ರು?"
ಅವನಂಥವರು ಒಳಗೆ ಹತ್ತು ಲಕ್ಷ ಇದ್ದಾರೆ ಅತ್ತೆ,
ಹೆಚ್ಚಿನವರು ಕಿಟಕಿಗೆ ತಲೆಯಾನಿಸಿ ನಿದ್ದೆ.
ಇವನು ಕೂತ ಸೀಟು ಅಂಥದ್ದು.

ಹಾಗಾದರೆ ಆ ಮಾತೆಲ್ಲ ಎಲ್ಲಿಂದ ಬಂತು:
ಬಾಲ ಬಿಚ್ಚಬೇಡ,
ಬಾಲ ಮುದುರಿಕೊಂಡು ಬಿದ್ದಿರು?
ನನಗೆ ಜಡೆ ಹೆಣೆಯುತ್ತ ಇವಳೇ ಅಂದದ್ದು.
ಇಲ್ಲದ್ದನ್ನು ನಾನು ಬಿಚ್ಚಿದ್ದಾದರೂ ಹೇಗೆ?
ನಾಲಗೆಗೆ ನೆನಪಿತ್ತೇನೋ.
ಇಲ್ಲ, ವಿಜ್ಞಾನ ಹಾಗೆ ಹೇಳುವುದಿಲ್ಲ.
ಅದು ನನ್ನ ಆಸೆ.

ಬಸಿರಿನ ಐದಾರನೇ ವಾರ
ಎಲ್ಲ ಮಗುವಿಗೂ ಪುಟ್ಟ ಬಾಲವಿರುತ್ತದೆ ಅತ್ತೆ,
ಎಂಟಕ್ಕೆ ಕರಗಿರುತ್ತದೆ,
ಅಂದುಬಿಟ್ಟೆ. ಅನ್ನಬಾರದಿತ್ತು.

ಫ್ಯಾನು ನಾಲ್ಕು ಸುತ್ತು ಸುತ್ತಿತು.
"ನಂದು ಆರನೇ ವಾರಕ್ಕೇ ಹೋಯ್ತು" ಅಂದಳು,
"ಯಶವಂತಪುರದ ಟ್ರಿಪ್ಪಲ್ಲಿ. ಡ್ಯೂಟಿ ಮುಗಿಸೇ ಬಂದೆ."
ಮತ್ತೆ, ಸ್ವಲ್ಪ ಹೊತ್ತಿಗೆ,
"ಅಂದ್ರೆ ಬಾಲ ಇತ್ತು ಅದಕ್ಕೆ."

ಗೋಡೆಯ ಮೇಲೆ ಅದೇ ಹಲ್ಲಿ.
ಹೊಸ ಬಾಲ, ಗಿಡ್ಡ, ಬಣ್ಣ ಬೇರೆ,
ಒಳಗೆ ಮೂಳೆಯಿಲ್ಲ; ಹೇಗೋ ಒಪ್ಪಿಸಿದ ಲೆಕ್ಕ.
ಲೊಚಗುಟ್ಟಿತು.
ಕೃಷ್ಣ ಕೃಷ್ಣ ಎಂದು ಅತ್ತೆ
ಬೆರಳಿಂದ ಮಂಚ ಕುಟ್ಟಿದಳು.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದಳು:
ಎರಡು, ಮೂರು, ಕೆಳಗೊಂದು ಗೀಟು.
ಎಷ್ಟೋ ಜನ ಇಸಕೊಳ್ಳದೆ
ಮೆಜೆಸ್ಟಿಕ್ಕಿನ ಗದ್ದಲದಲ್ಲಿ ಇಳಿದುಹೋಗುತ್ತಿದ್ದರಂತೆ,
ಬರೆದದ್ದನ್ನು ಜೇಬಲ್ಲಿಟ್ಟುಕೊಂಡೇ.

ಎಕ್ಸ್‌ರೇ ಹಾಳೆ ಇನ್ನೂ ಅವಳ ಮಡಿಲಲ್ಲಿತ್ತು.
ಕನ್ನಡಕ ಏರಿಸಿ,
ಮೆಲ್ಲಗೆ ತಿರುಗಿಸಿ,
ಅದರ ಹಿಂಬದಿ ನೋಡಿದಳು.