ಹದಿನಾಲ್ಕನೇ ಕಂಬದ ಸುದ್ದಿ

ಚೆನ್ನೈಯಿಂದ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ:
ಶುಕ್ರವಾರ ಹದಿನಾಲ್ಕನೇ ಗಾಳಿಕಂಬದ ರೆಕ್ಕೆ ಇಳಿಸುತ್ತಾರೆ,
ಕುರಿ ದನ ಜನ ಯಾರೂ ಗುಡ್ಡದ ಆ ಮಗ್ಗುಲಿಗೆ ಬಾರದ ಹಾಗೆ
ಸುದ್ದಿಯನ್ನು ‘ಡಿಸ್ಸೆಮಿನೇಟ್’ ಮಾಡತಕ್ಕದ್ದು.

ಕ್ರೇನಿನ ಜೊತೆ ಬಂದವರು ಮೂವರು.
ಅವರಿಗೆ ಗೊತ್ತಿರುವುದು ಸ್ಪ್ಯಾನಿಷ್,
ಈಚೆಗೆ ಖಾರಾ ಮಂಡಕ್ಕಿ.
ಹಾಸ್ಟೆಲ್ಲಿನಲ್ಲಿ ಪೆರು ದೇಶದ ಸಿಸ್ಟರ್ ಒಬ್ಬರು
ಬಟ್ಟೆ ಒಗೆಯುತ್ತ ಕಲಿಸಿದ ಭಾಷೆಗೆ
ದುರ್ಗದ ಸೈಟ್ ಆಫೀಸಿನ ತಗಡಿನಡಿ ಕೂತು
ಈ ಸಾಲು ದಾಟಿಸುವುದು ನನ್ನ ಕೆಲಸ.
ಕುರಿ ದಾಟಿತು. ಶುಕ್ರವಾರ ದಾಟಿತು.
ರೆಕ್ಕೆಯಂತೂ ತಾನೇ ಹಾರಿ ಆಚೆ ಕೂತಿತು.
ಕ್ರಿಯಾಪದ ಮಾತ್ರ
ಹಳ್ಳದ ದಂಡೆಯಲ್ಲಿ ಮೊಂಡು ಬಿದ್ದ ಕೋಣ.

ಅದರ ಹೊಟ್ಟೆಯಲ್ಲಿ ಬೀಜವಿದೆ ಎನ್ನುತ್ತದೆ ನಿಘಂಟು.
ಹಾಗಾದರೆ ಬಿತ್ತು ಅನ್ನಲೇ?
ಬಿತ್ತುವವಳು ಕೂರಿಗೆಯ ಹಿಂದೆ ಸಾಲು ಹಿಡಿದು ನಡೆಯುತ್ತಾಳೆ,
ಬೆರಳ ಸಂದಿಯಿಂದ ಸಜ್ಜೆ ಎಣಿಸಿದ ಹಾಗೆ ಇಳಿಬಿಡುತ್ತಾಳೆ.
ಸುದ್ದಿಗೆ ಅಷ್ಟು ತಾಳ್ಮೆ ಎಲ್ಲಿ?

ದಿಫುಂದಿರ್ ಅಂದರೆ ಸುರಿಯುವುದು, ನೀರಿನ ಪದ.
ಟ್ಯಾಂಕರಿಗೆ ಕೊಡ ಸಾಲಿಡುವ ಓಣಿಯಲ್ಲಿ ಬೆಳೆದ ನನಗೆ
ಅದನ್ನು ಬಾಯಿಗೆ ಹಾಕಿಕೊಳ್ಳಲೂ ನಾಚಿಕೆ.
ದಿವುಲ್ಗಾರ್ ಅಂದರೆ ಗುಟ್ಟನ್ನು ಗುಂಪಿಗೆ ಎಸೆಯುವುದು.
ಕುರಿ ತರಬೇಡಿ ಅನ್ನುವುದರಲ್ಲಿ ಗುಟ್ಟೇನು, ಮಣ್ಣು.

ಪುಟದ ಕೆಳಗೆ, ಇರುವೆ ಅಕ್ಷರದಲ್ಲಿ: ಪ್ರೆಗೊನಾರ್.
ಬೀದಿಯಲ್ಲಿ ನಿಂತು ಕೂಗಿ ಸಾರುವುದು. ಹಳೆಯ ಬಳಕೆ.

ಆ ಪುಟದಿಂದ ತಾತ ಎದ್ದು ಬಂದ,
ಹುಲ್ಲಿಗೆ ಬೆಂಕಿಯಿಟ್ಟು ಹಲಗೆ ಕಾಯಿಸುತ್ತ.
ಕೇಳ್ರಪ್ಪೋ ಕೇಳ್ರಿ,
ನಾಳೆ ಕೆರೆ ಕೋಡಿ ಕಟ್ತಾರೆ, ಮನೆಗೊಂದಾಳು ಬರಬೇಕಂತೆ.
ಕೇಳ್ರವ್ವೋ ಕೇಳ್ರಿ,
ಸಿಡುಬಿನ ಸೂಜಿಯವ್ರು ಬಂದವ್ರೆ, ಎಳೇಮಕ್ಕಳ್ನ ಕರ್ಕಂಡು ಬರಬೇಕಂತೆ.
ಪ್ರತಿ ಸಾಲಿನ ಬಾಲಕ್ಕೂ ಒಂದು ‘ಅಂತೆ’.
ಮಾತು ಗೌಡರದು, ತೊಗಲು ಆಡಿನದು,
ತಾತನದು ಗಂಟಲು.
ಸುದ್ದಿ ಹೊಕ್ಕ ಮನೆಯೊಳಕ್ಕೆ ಅವನು ಹೋಗುವಂತಿರಲಿಲ್ಲ.
ಅಂಗಳದಾಚೆ ನಿಂತು, ಮೊರದಿಂದ ಬಿದ್ದ ಜೋಳ
ಟವೆಲಿನಲ್ಲಿ ಹಿಡಿದು, ಮುಂದಿನ ಓಣಿ.

ಪ್ರೆಗೊನಾರ್ ಎಂದೇ ಬರೆದೆ.
ಬೆಗೋನ್ಯಾ ಓದಿ ನಕ್ಕಳು. ಕ್ರೇನಿನ ಮೇಸ್ತ್ರಿ,
ಮೊಣಕೈವರೆಗೆ ಗ್ರೀಸು.
ಇದು ಮೀನು ಮಾರುವವರ ಪದ ಕಣೇ,
ಆಫೀಸಿನ ಕಾಗದಕ್ಕೆ ಒಗ್ಗಲ್ಲ,
ಎಂದು ಪೆನ್ಸಿಲಿನಲ್ಲಿ ಹೊಡೆದು ದಿಫುಂದಿರ್ ಹಾಕಿದಳು.
ಆಮೇಲೆ ಸ್ವಲ್ಪ ಹೊತ್ತು
ಹೊಡೆದ ಗೆರೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು.
ಯಾರು ಮಾರುತ್ತಿದ್ದರು, ಎಂದೆ.
ಅಜ್ಜಿ, ಎಂದಳು.

ನಾಲ್ಕು ಪ್ರತಿ ಆಯಿತು. ಮೊಹರು ಬಿತ್ತು.
ಯಾವ ಕುರಿಯೂ ಓದಲಿಲ್ಲ.

ಸಂಜೆ ಹಟ್ಟಿ ದಾರಿಯಲ್ಲಿ ಚಾ ಕುಡಿಯುತ್ತ
ಪಾಲಕ್ಕನ ಕಿವಿಗೆ ಒಂದು ಮಾತು ಹಾಕಿದೆ:
ಯಾರಿಗೂ ಹೇಳಬ್ಯಾಡ ಪಾಲಕ್ಕ,
ಶುಕ್ರವಾರ ರೆಕ್ಕೆ ಇಳಿಸ್ತಾರಂತೆ.

ರಾತ್ರಿಯೊಳಗೆ ಮೇಲಿನ ಹಟ್ಟಿಯಲ್ಲಿ ರೆಕ್ಕೆ ಸಡಿಲಾಗಿತ್ತು.
ಕೆರೆ ದಾಟುವಷ್ಟರಲ್ಲಿ ಬಿದ್ದೇ ಹೋಗಿತ್ತು.
ಕೊನೇ ಹಟ್ಟಿಯಲ್ಲಿ ಏಳು ಟಗರು ಸತ್ತು
ಒಂದಕ್ಕೆ ಯಾರೋ ಅಳುತ್ತಲೂ ಇದ್ದರು.

ಶುಕ್ರವಾರ ಗುಡ್ಡದ ಮೇಲೆ ಒಂದು ಹಿಕ್ಕೆ ಸಹ ಬೀಳಲಿಲ್ಲ.
ರೆಕ್ಕೆ ಇಳಿಯಿತು, ತೊಟ್ಟಿಲಿಗೆ ಕೂಸು ಇಳಿಸಿದಷ್ಟು ನಿಧಾನ.
ಬರಿದಾದ ಬಯಲು ನೋಡಿ ಬೆಗೋನ್ಯಾ ಕೇಳಿದಳು,
ನಿಮ್ಮ ಭಾಷೆಗೆ ಯಾವ ಪದ ಹಾಕಿದೆ?

ಗಾಳಿಮಾತು ಅನ್ನಲು ಬಾಯಿ ತೆರೆದೆ.
ಹದಿನಾಲ್ಕನೆಯದು ಬಿಟ್ಟು
ಉಳಿದವೆಲ್ಲ ತಿರುಗುತ್ತಿದ್ದವು.
ಅಂತೆ, ಎಂದೆ.
ಕೈಗವಸು ಕಳಚಿ ಅಂಗೈ ಮೇಲೆ ಬರೆದುಕೊಂಡಳು,
ಒಂದೊಂದೇ ಅಕ್ಷರ ಕೇಳಿ.