ಏಪ್ರಿಲ್ ಬಾಬ್ತು

ಮಾರ್ಚ್ ಮೂವತ್ತೊಂದಕ್ಕೆ ನನ್ನ ಅತಿಥಿತನ ಮುಗಿಯುತ್ತದೆ.
ಹದಿಮೂರು ವರ್ಷದ ಅತಿಥಿ ಉಪನ್ಯಾಸಕಿ;
ಸೇಡಂ ಕಾಲೇಜಿನ ರಸಾಯನ ವಿಭಾಗದಲ್ಲಿ
ಕಪಾಟಿನ ಕೀಲಿ ಮಾತ್ರ ಕಾಯಂ ನನ್ನಲ್ಲಿ.
ಕೀಲಿ ಒಪ್ಪಿಸೆಂದು ಯಾರೂ ಕೇಳುವುದಿಲ್ಲ,
ಪಗಾರ ಯಾಕೆ ನಿಂತಿತೆಂದೂ.

ಹಿಂದಿಯ ಚನ್ನಮಲ್ಲಪ್ಪ ಸರ್ ಸೂಟಿಯಲ್ಲಿ
ದಾಲ್ ಮಿಲ್ಲಿನ ಚೀಲ ಎಣಿಸುತ್ತಾರೆ.
ಭೂಗೋಳದ ನಸ್ರೀನ್ ಮೇಡಂ ಮದುವೆ ಮನೆಗಳಿಗೆ ಮೆಹಂದಿ:
"ನಕಾಶೆದಾಗ ನದಿ ಬರ್ದು ಬರ್ದು ರೂಢಿ ಅದಲ್ರಿ,
ಕೈ ತಾನೇ ತಿರಗ್ತದ."

ನಾನು ಅರ್ಜಿ ಬರೆದೆ.

ಇಪ್ಪತ್ತೇಳು ಬಾವಿ, ಎಂಟು ಹಳ್ಳಿ, ಕಾಗಿಣಾದ ಎರಡೂ ದಂಡೆ.
ನೀರಿನ ಗಡಸುತನ.
ಬಿ.ಎಸ್ಸಿ. ಎರಡನೇ ವರ್ಷದ ಐದು ಹುಡುಗಿಯರು.
ಕಾಲ: ಏಪ್ರಿಲ್, ಮೇ.
ಯಾಕೆಂದರೆ ಬಾವಿ ನಿಜ ಹೇಳುವುದು ಆಗಲೇ,
ನೀರು ತಳಕ್ಕಿಳಿದು ಸುಣ್ಣಗಲ್ಲಿಗೆ ತುಟಿ ಹಚ್ಚಿದಾಗ.
ಆಗಸ್ಟಿನಲ್ಲಿ ಎಲ್ಲ ಬಾವಿಗಳೂ ಒಳ್ಳೆಯವೇ.

ಖರ್ಚಿನ ಪಟ್ಟಿ:
ಗಾಜಿನ ಸಾಮಾನು, ಸೂಚಕದ ಪುಡಿ, ಅಮೋನಿಯಾ, ಬಸ್ ಚಾರ್ಜು.
ಕೊನೆಯ ಸಾಲಿಗೆ ಬಂದಾಗ
ಪೆನ್ನು ಮುಚ್ಚಿ, ಮತ್ತೆ ತೆಗೆದು, ಬರೆದೆ:
ಅಧ್ಯಾಪಕಿಯ ಎರಡು ತಿಂಗಳು.

ಜನವರಿಯಲ್ಲಿ ಪರಿಷತ್ತಿನ ಉತ್ತರ.
ಖದೀರ್ ಸಾಹೇಬರು ಕನ್ನಡಕ ಹಣೆಗೇರಿಸಿ ಓದಿದರು:
"ಮಂಜೂರ್ ಆಗ್ಯಾದ್ರಿ ಮೇಡಂ!"
ಆಮೇಲೆ ದನಿ ಇಳಿಸಿ, "ಕಡೀ ಸಾಲು ಹೊಡದಾರ."
ಕೆಂಪು ಗೀಟು. ಪಕ್ಕದಲ್ಲಿ ಷರಾ:
ಅಧ್ಯಾಪಕರಿಗೆ ರಜೆಯಲ್ಲೂ ವೇತನವಿರುತ್ತದಾದ್ದರಿಂದ.

ಇರುತ್ತದಾದ್ದರಿಂದ!
ಎಷ್ಟು ಚಂದದ ಲೋಪಸಂಧಿ.
ಎರಡು ತಿಂಗಳ ಅಕ್ಕಿ, ಮನೆ ಬಾಡಿಗೆ, ಮಗನ ಚಷ್ಮಾ
ಎಲ್ಲ ಅದರೊಳಗೇ ಲೋಪ.
ಬ್ಯೂರೆಟ್ಟಿಗೆ ದುಡ್ಡಿದೆ,
ಅದರ ತಿರುಪು ತಿರುಗಿಸುವ ಬೆರಳಿಗಿಲ್ಲ.

ಸಾಹೇಬರೇ ಉಪಾಯ ಹೇಳಿದರು:
"ಬಸ್ ಚಾರ್ಜಿನಾಗ ಹಾಕ್ರಿ. ಒಂದೊಂದು ಬಾವಿಗಿ
ನಾಕ್ ನಾಕ್ ಸಲ ಹೋಗೀರಿ ಅಂತ. ಟಿಕೀಟ್ ನಾ ಕೂಡಸ್ತೀನಿ."
ಒಳ್ಳೆಯ ಮನುಷ್ಯ.
ಬೇಡವೆಂದಾಗ ಅವರ ಮುಖದಲ್ಲಿ
ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

ಹಾಗಾಗಿ ಏಪ್ರಿಲಿನಲ್ಲಿ ಕಲಬುರಗಿ, ಮೌಲ್ಯಮಾಪನ.
ಪತ್ರಿಕೆಗಿಷ್ಟು ಎಂದು ರೂಪಾಯಿ, ದಿನಕ್ಕೆ ಮೂವತ್ತಾರು ಪತ್ರಿಕೆ.
ನಲವತ್ಮೂರು ಡಿಗ್ರಿ.
ಫ್ಯಾನು ಹಾಕಿದರೆ ಪುಟ ಹಾರುತ್ತವೆ, ನಿಲ್ಲಿಸಿದರೆ ಪ್ರಾಣ.
ಯಾರೋ ಒಬ್ಬಳು, ನಂಬರಷ್ಟೇ, ಹೆಸರಿಲ್ಲ,
'ಗಡಸು ನೀರು ಎಂದರೇನು?' ಎರಡು ಅಂಕ,
ದುಂಡಗೆ ಬರೆದಿದ್ದಳು:
ಬ್ಯಾಳಿ ಬೇಯದ ನೀರು.

ಮಾದರಿ ಉತ್ತರದಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ, ಲವಣ.
ತೊಗರಿಯ ನಾಡಲ್ಲಿ ಒಲೆಯ ಮುಂದೆ ಕೂತು
ಮೂರು ತಾಸು ಕಾದವಳಿಗೆ ಅರ್ಧ ಕೊಡಲೆ, ಒಂದು ಕೊಡಲೆ?
ಎರಡೂ ಕೊಟ್ಟೆ.
ಮುಖ್ಯ ಪರೀಕ್ಷಕರು ಒಂದನ್ನು ಹೊಡೆದರು. ಅದೇ ಕೆಂಪು.

ಬಾಡಿಗೆ ಕೊಟ್ಟು ಉಳಿದದ್ದು ಹನ್ನೊಂದು ಬಾವಿಗಾಯಿತು.
ಹುಡುಗಿಯರು ಟಂಟಂನಲ್ಲಿ ಬಾಟಲಿಗಳನ್ನು
ಕೂಸಿನಂತೆ ತೊಡೆಯ ಮೇಲಿಟ್ಟು ಬಂದರು.
ಫರಸಿ ಕಲ್ಲಿನ ಕಟ್ಟೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿ
ಹನಿ, ಇನ್ನೊಂದು ಹನಿ,
ಕೆಂಪು ನೀಲಿಯಾಗುವ ಆ ಒಂದು ಹನಿಗೆ
ಮಹಾನಂದಾ ಉಸಿರು ಬಿಗಿಹಿಡಿದಳು.
ಐದನೆಯ ಬಾವಿಗೆ ನೀಲಿ ಬರಲೇ ಇಲ್ಲ;
ಬ್ಯೂರೆಟ್ಟು ಬರಿದಾಯಿತು, ಮತ್ತೆ ತುಂಬಿದೆವು.

ಕೊಡ ಇಳಿಸಿದ ಮುದುಕಿ ಕೇಳಿದಳು,
"ಇದಕ್ಕ ನಿಮಗ ಸರಕಾರ ಎಷ್ಟ್ ಕೊಡ್ತದವ್ವ?"
ಹುಡುಗಿಯರು ನನ್ನ ಮುಖ ನೋಡಿದರು.
ನಾನು ರೀಡಿಂಗ್ ಬರೆದುಕೊಳ್ಳುತ್ತಿದ್ದೆ.

ಹದಿನಾರು ಬಾವಿ ಉಳಿದಿವೆ.
ಹೊಸ ಅರ್ಜಿಗೆ ಜುಲೈ ಕೊನೆಯ ತಾರೀಖು.
ಪಟ್ಟಿ ಅದೇ; ಬಸ್ ಚಾರ್ಜು ಮಾತ್ರ ಏರಿದೆ.
ಕೊನೆಯ ಸಾಲನ್ನು
ಈ ಸಲ ಮೊದಲು ಬರೆದೆ.